ವಿದ್ಯುದ್ರಸಾಯನವೂ ನಮ್ಮ ಪ್ರೌಢಶಾಲೆಗಳೂ

ಕಳೆದ ಮಾಗಿಯಲ್ಲಿ, ಬ್ರಹ್ಮಪುರದ ನಮ್ಮ ಮನೆಗೆ ಹೆಚ್ಚು ದೂರವಿಲ್ಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಳವೊಂದು ಏರ್ಪಟ್ಟಿತ್ತು. ಶಾಲೆಯ ಹೆಸರನ್ನು ಹೇಳುವುದು ಉಚಿತವಲ್ಲ. ಹೇಳಿದರೆ ಉಳಿದ ಶಾಲೆಗಳವರು ತಾವು ಪಾರಾದೆವೆಂದು ತಿಳಿದಾರು. ಮೇಜಿನ ಮೇಲೆ ನಾಲ್ಕು ನಿಂಬೆಹಣ್ಣುಗಳಿದ್ದುವು. ಒಂದೊಂದಕ್ಕೂ ಒಂದು ತಾಮ್ರದ ತುಂಡನ್ನೂ ಸತುವು ಸವರಿದ ಒಂದು ಮೊಳೆಯನ್ನೂ ಚುಚ್ಚಿ, ಎಲ್ಲವನ್ನೂ ತಂತಿಯಿಂದ ಕೂಡಿಸಿ, ಕೊನೆಗೆ ತೊಗರಿಕಾಳಿನಷ್ಟು ದೊಡ್ಡದಾದ ಕೆಂಪು ಎಲ್‌ಇಡಿ ದೀಪವೊಂದನ್ನು ಜೋಡಿಸಿದ್ದರು. ದೀಪವು ಮಿಣುಕುತ್ತಿತ್ತು. ಹಿಂದಿನ ಹಲಗೆಯ ಮೇಲೆ "ನಿಂಬೆಹಣ್ಣಿನಿಂದ ವಿದ್ಯುತ್ತು" ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು.

ಅಲ್ಲಿ ನಿಂತಿದ್ದ ಹತ್ತನೆಯ ತರಗತಿಯ ಹುಡುಗಿಯನ್ನು, "ಏನವ್ವಾ, ದೀಪ ಹತ್ತುವ ಶಕ್ತಿ ಎಲ್ಲಿಂದ ಬಂತು?" ಎಂದು ಕೇಳಿದೆನು. "ನಿಂಬೆಹಣ್ಣಿನ ರಸದಿಂದ ರೀ" ಎಂದು ಅವಳು ತಡವಿಲ್ಲದೆ ಉತ್ತರವಿತ್ತಳು. "ಹಾಗಾದರೆ ಮೊಳೆಗಳನ್ನು ತೆಗೆದು, ಎರಡು ಕಡೆಗೂ ತಾಮ್ರವನ್ನೇ ಚುಚ್ಚಿ ನೋಡು, ಹಣ್ಣು ಹಾಗೆಯೇ ಇರಲಿ" ಎಂದೆನು. ಮಗುವು ಹಾಗೆಯೇ ಮಾಡಿತು. ದೀಪವು ಆರಿಹೋಯಿತು. ಅವಳ ಕಣ್ಣಿನಲ್ಲಿ ಒಂದು ಪ್ರಶ್ನೆಯು ಹುಟ್ಟಿದುದನ್ನು ನಾನು ಸ್ಪಷ್ಟವಾಗಿ ಕಂಡೆನು. ಅವಳು ತನ್ನ ಉಪಾಧ್ಯಾಯರ ಕಡೆಗೆ ತಿರುಗಿದಳು. ಅವರು ಮೊಳೆಗಳನ್ನು ಮೊದಲಿನಂತೆ ಚುಚ್ಚುತ್ತ, "ಅದೆಲ್ಲ ಸಿಲೆಬಸ್‌ನ್ಯಾಗ ಇಲ್ರೀ ಸರ್" ಎಂದರು.

ಈ ಲೇಖನವು ಆ ಒಂದು ಮಾತಿಗೆ ಕೊಡಬೇಕಾಗಿದ್ದ ಉತ್ತರವು. ಅಂದು ಮೇಳದ ಗದ್ದಲದಲ್ಲಿ ಕೊಡಲಿಲ್ಲ. ಕೊಟ್ಟಿದ್ದರೂ ಆ ಮಗುವಿನ ಎದುರಿಗೆ ಅವರ ಗುರುಗಳನ್ನು ಹಳಿದಂತಾಗುತ್ತಿತ್ತು.

ಹಲಗೆಯ ಮೇಲಿನ ಬರಹವು ಸುಳ್ಳು. ಅದು ಹಳೆಯ ಸುಳ್ಳು ಕೂಡ ಆಗಿದೆ. ಇಟಲಿಯ ಗ್ಯಾಲ್ವನಿ ಎಂಬ ಪಂಡಿತನು ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹಗಳನ್ನು ಸೋಕಿಸಿದಾಗ ಕಾಲು ಅದುರಿದುದನ್ನು ಕಂಡು, ವಿದ್ಯುತ್ತು ಕಪ್ಪೆಯ ಒಡಲಿನಲ್ಲಿಯೇ ಇದೆಯೆಂದು ನಿರ್ಣಯಿಸಿ 1791ರಲ್ಲಿ ಪ್ರಕಟಿಸಿದನು. ಅದೇ ದೇಶದ ವೋಲ್ಟಾ ಎಂಬುವನು ಒಪ್ಪಲಿಲ್ಲ. ಸತುವು, ಬೆಳ್ಳಿ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಮತ್ತೆ ಸತುವು, ಬೆಳ್ಳಿ, ರಟ್ಟು ಎಂಬಂತೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಕಪ್ಪೆಯ ಹಂಗಿಲ್ಲದೆಯೇ ಎಡೆಬಿಡದೆ ಹರಿಯುವ ವಿದ್ಯುತ್ತನ್ನು 1800ರಲ್ಲಿ ಹೊರಡಿಸಿ ತೋರಿಸಿದನು. ಗ್ಯಾಲ್ವನಿಯ ಕಪ್ಪೆಯ ಜಾಗದಲ್ಲಿ ನಾವು ನಿಂಬೆಹಣ್ಣನ್ನು ಇಟ್ಟಿದ್ದೇವೆ. ಎರಡು ನೂರು ವರ್ಷಗಳಿಗೂ ಹಿಂದೆ ತಿದ್ದಲ್ಪಟ್ಟ ತಪ್ಪನ್ನು ನಮ್ಮ ಮಕ್ಕಳಿಂದ ಹೊಸದಾಗಿ ಮಾಡಿಸಿ, ಅದಕ್ಕೆ ಬಹುಮಾನವನ್ನೂ ಕೊಡುತ್ತಿದ್ದೇವೆ. (ಆ ಮೇಳದಲ್ಲಿ ನಿಂಬೆಹಣ್ಣಿಗೆ ಎರಡನೆಯ ಬಹುಮಾನವು ಬಂದಿತೆಂದು ಅನಂತರ ತಿಳಿಯಿತು.)

ವೋಲ್ಟಾನೂ ಪೂರ್ತಿಯಾಗಿ ಸರಿಯಲ್ಲ. ಎರಡು ಲೋಹಗಳು ಒಂದನ್ನೊಂದು ಮುಟ್ಟಿದರೆ ಸಾಕು, ಶಕ್ತಿಯು ಹುಟ್ಟುವುದೆಂದು ಅವನು ನಂಬಿದ್ದನು. ಏನನ್ನೂ ವೆಚ್ಚಮಾಡದೆ ಏನೂ ದೊರೆಯುವುದಿಲ್ಲವೆಂಬುದು ಅನಂತರದವರ ಶೋಧನೆಯಿಂದ ಗೊತ್ತಾಯಿತು. ವೆಚ್ಚವಾಗುವುದು ಯಾವುದು? ಸತುವು. ಪ್ರತಿಯೊಂದು ಲೋಹಕ್ಕೂ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಅಯಾನುಗಳಾಗಿ ಕರಗುವ ಸ್ವಭಾವವು ಹೆಚ್ಚು ಕಡಿಮೆಯಾಗಿ ಉಂಟು. ಅಲ್ಯುಮಿನಿಯಮ್ಮೂ ಸತುವೂ ಕೊಡುಗೈ ದೊರೆಗಳು, ಕಬ್ಬಿಣವು ಅವುಗಳಿಗಿಂತ ತುಸು ಹಿಡಿತದ್ದು, ತಾಮ್ರವು ಜಿಪುಣ, ಬೆಳ್ಳಿ ಬಂಗಾರಗಳು ಕಡುಲೋಭಿಗಳು. ಈ ಔದಾರ್ಯವನ್ನು ಅಳೆದು ಕಲಿತವರು ಪಟ್ಟಿ ಮಾಡಿದ್ದಾರೆ: ಸತುವಿಗೆ ಋಣ 0.76 ವೋಲ್ಟ್, ಕಬ್ಬಿಣಕ್ಕೆ ಋಣ 0.44, ತಾಮ್ರಕ್ಕೆ ಧನ 0.34, ಬೆಳ್ಳಿಗೆ ಧನ 0.80. ಕೊಡುವವನನ್ನೂ ಕೊಳ್ಳುವವನನ್ನೂ ತಂತಿಯಿಂದ ಕೂಡಿಸಿ, ಇಬ್ಬರ ನಡುವೆ ಅಯಾನುಗಳು ಓಡಾಡಲು ಹುಳಿನೀರನ್ನೋ ಉಪ್ಪುನೀರನ್ನೋ ಇಟ್ಟರೆ, ಕೊಡುಕೊಳ್ಳುವ ವ್ಯವಹಾರವು ತಂತಿಯ ಮೂಲಕ ನಡೆಯುತ್ತದೆ. ಆ ನಡೆಗೆಯೇ ವಿದ್ಯುತ್ಪ್ರವಾಹವು. ನಿಂಬೆಯ ಹುಳಿಯು ಎಲೆಕ್ಟ್ರಾನುಗಳನ್ನು ಇಸಿದುಕೊಳ್ಳುವುದೂ ದಾರಿ ಬಿಡುವುದೂ ನಿಜ. ಆದರೆ ಕರಗಿ ಸಾಯುವುದು ಸತುವು, ಬಂಡವಾಳವು ಅದರದು. ನಿಂಬೆಗೆ ಬದಲಾಗಿ ಹುಣಸೆಯ ನೀರನ್ನೋ ಹುಳಿಮಜ್ಜಿಗೆಯನ್ನೋ ಇಟ್ಟರೂ ದೀಪವು ಹತ್ತುತ್ತದೆ. ಸತುವಿಗೆ ಬದಲಾಗಿ ತಾಮ್ರವನ್ನಿಟ್ಟರೆ ಹತ್ತುವುದಿಲ್ಲ. ವಿದ್ಯುದ್ರಸಾಯನದ ಮೂಲತತ್ತ್ವವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಆ ಹುಡುಗಿಯು ಅದರ ಹೊಸ್ತಿಲಲ್ಲಿ ನಿಂತಿದ್ದಳು. ಅವಳನ್ನು ಹಿಂದಕ್ಕೆ ಎಳೆದುಕೊಂಡೆವು.

ಒಂದು ನಿಂಬೆಹಣ್ಣಿಗಾಗಿ ಇಷ್ಟು ಆಕ್ರೋಶವೇಕೆಂದು ಕೇಳುವವರಿರಬಹುದು. 2025ನೆಯ ಇಸವಿಯ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಶೇಕಡಾ 91.12ರ ಫಲಿತಾಂಶವನ್ನು ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು. ನಮ್ಮ ಕಲಬುರಗಿಯು ಶೇಕಡಾ 42.43ನ್ನು ಪಡೆದು ಎಲ್ಲಕ್ಕೂ ಕಡೆಯದಾಯಿತು. ನೂರು ಮಕ್ಕಳಲ್ಲಿ ಐವತ್ತೇಳು ಮಂದಿ ಬಾಗಿಲಿನಲ್ಲಿಯೇ ಉಳಿದರು. ಇದಕ್ಕೆ ಬಡತನ, ಗುಳೆ, ಉಪಾಧ್ಯಾಯರ ಕೊರತೆ ಮುಂತಾದ ಅನೇಕ ಕಾರಣಗಳನ್ನು ಹೇಳುತ್ತಾರೆ, ಅವು ಸುಳ್ಳಲ್ಲ. ಆದರೆ ಫಲಿತಾಂಶವು ಬಂದ ಮಾರನೆಯ ದಿನದಿಂದ ನಮ್ಮಲ್ಲಿ ಹೊರಡುವ ಪರಿಹಾರಗಳನ್ನು ನೋಡಿರಿ: ಇನ್ನಷ್ಟು ಗೈಡುಗಳು, ಇನ್ನಷ್ಟು ಪ್ರಶ್ನೋತ್ತರ ಮಾಲಿಕೆಗಳು, ಬೆಳಿಗ್ಗೆ ಸಂಜೆ ವಿಶೇಷ ತರಗತಿಗಳಲ್ಲಿ ಅವನ್ನೇ ಬಾಯಿಪಾಠ ಹೇಳಿಸುವುದು. ಅರಗದ ಊಟವನ್ನು ದಿನಕ್ಕೆ ಎರಡು ಸಲ ಬಡಿಸಿದರೆ ಅರಗುವುದೆಂಬ ಹಾಗಾಯಿತು. "ತಾಮ್ರದ ವಿದ್ಯುತ್ ಶುದ್ಧೀಕರಣದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂಬ ಪ್ರಶ್ನೆಗೆ ಚಿತ್ರವನ್ನು ಒಪ್ಪವಾಗಿ ಬರೆಯುವ ಬಾಲಕನು, ತಾಮ್ರವು ಏಕೆ ಆ ಕಡೆಯಿಂದ ಈ ಕಡೆಗೆ ಬಂತೆಂದು ಕೇಳಿದರೆ ನೆಲವನ್ನು ನೋಡುತ್ತಾನೆ. ಅವನ ತಪ್ಪೇನು?

ಈ ವಿಷಯವನ್ನು ಎತ್ತಿದಾಗಲೆಲ್ಲ ನನಗೆ ಎದುರಾಗುವ ಮೊದಲನೆಯ ಆಕ್ಷೇಪವು, "ಪ್ರಯೋಗಶಾಲೆಯಿಲ್ಲ, ಸಲಕರಣೆಯಿಲ್ಲ" ಎಂಬುದು. ಸಲಕರಣೆಯು ಇಲ್ಲದಿರುವುದು ನಿಜವೇ. ಆದರೆ ಇಡೀ ನಮ್ಮ ಊರೇ ವಿದ್ಯುದ್ರಸಾಯನದ ಪ್ರಯೋಗಶಾಲೆಯಾಗಿರುವುದನ್ನು ಕಾಣದೆ ಬೀರುವಿನ ಕೀಲಿಗಾಗಿ ಅಳುವವರಿಗೆ ಏನು ಹೇಳೋಣ?

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನನ್ನು ನಮ್ಮಲ್ಲಿ ಹಿರಿಯರೆಲ್ಲರೂ ಕಂಡಿದ್ದಾರೆ. ಈಗ ವಿರಳನಾದರೂ ಪೂರ್ತಿ ಮಾಯವಾಗಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಸಾರನ್ನು ಇಡಬಾರದೆಂದು ಅಕ್ಷರ ತಿಳಿಯದ ಅಜ್ಜಿಯೂ ಬಲ್ಲಳು. ಹುಳಿಯೂ ಗಾಳಿಯೂ ಸೇರಿ ತಾಮ್ರವನ್ನು ಕರಗಿಸಿ ಕಿಲುಬೇಳಿಸುವುದೇ ಅದರ ಕಾರಣವು. ಕಲಾಯಿಗಾರನು ಕಾದ ಪಾತ್ರೆಯ ಮೇಲೆ ತವರವನ್ನು ಸವರುವ ಮುಂಚೆ ಒಂದು ಬಿಳಿಯ ಪುಡಿಯನ್ನು ಚೆಲ್ಲುತ್ತಾನೆ. ಬಿಳಿಯ ಹೊಗೆ ಏಳುತ್ತದೆ. ಅದು ನವಸಾಗರ, ಎಂದರೆ ಅಮೋನಿಯಮ್ ಕ್ಲೋರೈಡು. ಈ ಪುಡಿಯನ್ನು ಇಲ್ಲಿಗೇ ಬಿಡಬೇಡಿರಿ, ಇದರ ಬೆನ್ನುಹತ್ತಿ ಬೀದರಿಗೆ ಹೋಗೋಣ.

1347ರಲ್ಲಿ ನಮ್ಮ ಕಲಬುರಗಿಯಲ್ಲಿ ಸ್ಥಾಪಿತವಾದ ಬಹಮನೀ ರಾಜ್ಯವು ಹದಿನೈದನೆಯ ಶತಮಾನದಲ್ಲಿ ತನ್ನ ರಾಜಧಾನಿಯನ್ನು ಬೀದರಿಗೆ ಸಾಗಿಸಿತಷ್ಟೆ. ಅಲ್ಲಿ ಬೆಳೆದು ಇಂದಿಗೂ ಬಾಳುತ್ತಿರುವ ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಬಿದರಿ ಪಾತ್ರೆಯ ಮೈಯೆಲ್ಲವೂ ಹೆಚ್ಚಾಗಿ ಸತುವು. ತಾಮ್ರವು ಅದರಲ್ಲಿ ಅತ್ಯಲ್ಪ. ಅದರಲ್ಲಿ ಬಳ್ಳಿ ಹೂಗಳನ್ನು ಕೊರೆದು ಬೆಳ್ಳಿಯ ತಂತಿಯನ್ನು ಕೂಡಿಸಿದ ಮೇಲೆ, ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಬಳಿಯುತ್ತಾರೆ. ನೋಡುನೋಡುತ್ತಿರುವಂತೆ ಮೈಯು ಕಾಡಿಗೆಗಪ್ಪಾಗುತ್ತದೆ. ಬೆಳ್ಳಿಯು ಮಾತ್ರ ಬೆಳ್ಳಗೆಯೇ ಉಳಿಯುತ್ತದೆ. ಏಕೆ? ಮೇಲೆ ಹೇಳಿದ ಪಟ್ಟಿಯನ್ನು ನೆನೆಯಿರಿ. ಕೊಡುಗೈಯ ಸತುವು ಮೇಲ್ಮೈಯಿಂದ ಕರಗಿ ಹೋಗುತ್ತದೆ, ಅಲ್ಪವಾಗಿದ್ದ ತಾಮ್ರವು ಮೇಲಿನ ಪದರದಲ್ಲಿ ಹೆಚ್ಚಿ ಕಪ್ಪು ಲೇಪವಾಗುತ್ತದೆ, ಲೋಭಿಯಾದ ಬೆಳ್ಳಿಯು ತನ್ನ ಗಂಟನ್ನು ಬಿಚ್ಚುವುದೇ ಇಲ್ಲ. ಪಠ್ಯಪುಸ್ತಕದ ಕ್ರಿಯಾಶೀಲತೆಯ ಶ್ರೇಣಿಯನ್ನು ನಮ್ಮ ನೆರೆಯ ಊರಿನ ಕುಶಲಿಗಳು ಐದಾರು ನೂರು ವರ್ಷಗಳಿಂದ ಬೆಳ್ಳಿಯ ಅಕ್ಷರಗಳಲ್ಲಿ ಬರೆಯುತ್ತಿದ್ದಾರೆ. ಇನ್ನು ಸತುವೂ ನವಸಾಗರವೂ ಮತ್ತೆ ಎಲ್ಲಿ ಕೂಡುತ್ತವೆ? ಫ್ರಾನ್ಸಿನ ಲೆಕ್ಲಾಂಶೆ ಎಂಬುವನು 1866ರಲ್ಲಿ ಮಾಡಿದ ಕೋಶದಲ್ಲಿ. ಅದರಿಂದ ಬೆಳೆದು ಬಂದ, ಗೋಡೆಯ ಗಡಿಯಾರಕ್ಕೂ ಟಾರ್ಚಿಗೂ ಹಾಕುವ ಹಳೆಯ ಬಗೆಯ ಒಣ ಸೆಲ್ಲಿನಲ್ಲಿ. ಹೊರಗಿನ ಸತುವಿನ ಡಬ್ಬಿಯು ಕೊಡುತ್ತದೆ, ಒಳಗಿನ ಕರಿಯ ಮ್ಯಾಂಗನೀಸ್ ಡೈಆಕ್ಸೈಡು ಕೊಳ್ಳುತ್ತದೆ, ನಡುವೆ ನವಸಾಗರದ ಕಲಸು. ಹಳೆಯ ಸೆಲ್ಲು ಸೋರುವುದೇಕೆಂದು ಇನ್ನು ಯಾವ ಬಾಲಕನೂ ಹೇಳಿಯಾನು: ಕೊಟ್ಟು ಕೊಟ್ಟು ಡಬ್ಬಿಯೇ ತೂತಾಯಿತು.

ಮನೆಯೊಳಗೇ ಬರೋಣ. ನಮ್ಮ ಓಣಿಯ ಮನೆಗಳಲ್ಲಿ ಬೆಳ್ಳಿಯ ಕರಡಿಗೆಯು ಕಪ್ಪಾಗುವುದನ್ನು ಕಾಣದವರಾರು? ಅದು ಕೊಳೆಯಲ್ಲ; ಗಾಳಿಯ ಮತ್ತು ಬೆವರಿನ ಗಂಧಕಾಂಶವು ಬೆಳ್ಳಿಯೊಡನೆ ಕೂಡಿ ಆದ ಬೆಳ್ಳಿಯ ಸಲ್ಫೈಡು. ಪುಡಿ ಹಾಕಿ ತಿಕ್ಕಿದರೆ ಪ್ರತಿ ಸಲವೂ ಅಷ್ಟಷ್ಟು ಬೆಳ್ಳಿಯು ಪುಡಿಯೊಡನೆ ಹೋಗುತ್ತದೆ. ಹಾಗೆ ಮಾಡದೆ, ಅಲ್ಯುಮಿನಿಯಮ್ ಬೋಗುಣಿಯಲ್ಲಿ ಬಿಸಿನೀರು ಹಾಕಿ, ಎರಡು ಚಮಚ ಅಡಿಗೆ ಸೋಡಾ ಕದಡಿ, ಬರಿದಾದ ಕರಡಿಗೆಯನ್ನು ಅದರ ತಳಕ್ಕೆ ತಗಲುವಂತೆ ಮುಳುಗಿಸಿರಿ. (ಬರಿದಾದುದನ್ನು ಎಂದು ಒತ್ತಿ ಹೇಳುತ್ತೇನೆ, ಲಿಂಗವನ್ನು ಮೊದಲು ತೆಗೆದಿಡಬೇಕು, ಇಲ್ಲವಾದರೆ ಮನೆಯ ಹಿರಿಯರು ಲೇಖಕನನ್ನು ಹುಡುಕಿಕೊಂಡು ಬಂದಾರು.) ಸ್ವಲ್ಪ ಹೊತ್ತಿನಲ್ಲಿ ಕಪ್ಪು ಅಳಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯು ತುಸು ಬಂದರೂ ಬರಬಹುದು. ಅಲ್ಯುಮಿನಿಯಮ್ಮು ಕೊಟ್ಟ ಎಲೆಕ್ಟ್ರಾನುಗಳನ್ನು ಪಡೆದು, ಹೋಗಿದ್ದ ಬೆಳ್ಳಿಯು ಮರಳಿ ಬೆಳ್ಳಿಯಾಯಿತು. ಇದಕ್ಕೆ ಯಾವ ಪ್ರಯೋಗಶಾಲೆಯು ಬೇಕು?

ತಕ್ಕಮಟ್ಟಿಗೆ ಅಳತೆಯಿರುವ ಪ್ರಯೋಗವೇ ಬೇಕೆನ್ನುವವರು ಕುಂಬಾರರಲ್ಲಿಗೆ ಹೋಗಲಿ. ಇಂಗ್ಲೆಂಡಿನ ಡೇನಿಯಲ್ ಎಂಬ ಪ್ರಾಧ್ಯಾಪಕನು 1836ರಲ್ಲಿ ತನ್ನ ಹೆಸರಿನ ಕೋಶವನ್ನು ಮಾಡಿದಾಗ, ಎರಡು ದ್ರವಗಳು ಬೆರೆಯದಂತೆ, ಆದರೂ ಅಯಾನುಗಳು ಹಾಯುವಂತೆ, ನಡುವೆ ಎತ್ತಿನ ಗಂಟಲಿನ ಪೊರೆಯನ್ನು ಇಟ್ಟನು. ಅನಂತರ ಅದಕ್ಕೆ ಬದಲಾಗಿ ಮೆರುಗಿಲ್ಲದ ಮಣ್ಣಿನ ಕುಡಿಕೆಯು ಬಂದಿತು. ಅಂಥ ಕುಡಿಕೆಗಳಿಗೆ ನಮ್ಮಲ್ಲಿ ಬರವಿಲ್ಲ. ಕುಡಿಕೆಯಲ್ಲಿ ಉಪ್ಪುನೀರನ್ನು ತುಂಬಿ ಸತುವಿನ ತಗಡನ್ನು ನಿಲ್ಲಿಸಿರಿ. ಕುಡಿಕೆಯನ್ನು ಒಂದು ಗಾಜಿನ ಪಾತ್ರೆಯಲ್ಲಿಟ್ಟು, ಸುತ್ತಲೂ ಮೈಲುತುತ್ತದ ನೀರನ್ನು ಹಾಕಿ, ಅದರಲ್ಲಿ ತಾಮ್ರದ ತಗಡನ್ನು ಬಾಗಿಸಿಡಿರಿ. ಮೈಲುತುತ್ತವು ರೈತರಿಗೆ ಪರಿಚಿತವಾದ ವಸ್ತುವೇ; ಆದರೆ ವಿಷವಾದುದರಿಂದ ಕೈ ತೊಳೆಯದೆ ಊಟಕ್ಕೆ ಕೂಡಬಾರದು, ಪ್ರಯೋಗದ ಪಾತ್ರೆಯನ್ನು ಮರಳಿ ಅಡಿಗೆಮನೆಗೆ ಒಯ್ಯಬಾರದು. ಕುಡಿಕೆಯ ಮಣ್ಣು ನೆನೆದ ಮೇಲೆ ಸುಮಾರು 1.1 ವೋಲ್ಟ್ ದೊರೆಯುತ್ತದೆ. ಇದು 0.34ಕ್ಕೆ 0.76ನ್ನು ಕೂಡಿಸಿದ ಮೊತ್ತವೆಂಬುದನ್ನು ಮಕ್ಕಳೇ ಲೆಕ್ಕಹಾಕಲಿ. ಎರಡು ಕೋಶಗಳನ್ನು ಸಾಲಾಗಿ ಕೂಡಿಸಿದರೆ ಮೇಳದ ಕೆಂಪು ದೀಪವು ನಿಂಬೆಹಣ್ಣಿಲ್ಲದೆಯೇ ಹತ್ತುತ್ತದೆ.

ಇನ್ನು ಅಳತೆ. ಫ್ಯಾರಡೆಯು 1830ರ ದಶಕದಲ್ಲಿ ಕಂಡುಹಿಡಿದ ನಿಯಮವು, ಹರಿದ ವಿದ್ಯುತ್ತು ಎಷ್ಟೋ ಅಷ್ಟಕ್ಕೆ ಸರಿಯಾಗಿ ಲೋಹವು ಕರಗುವುದು ಅಥವಾ ಕೂಡುವುದು ಎಂದು ಹೇಳುತ್ತದೆ. ಸುಮಾರು 96,500 ಕೂಲಂಬುಗಳಿಗೆ 31.8 ಗ್ರಾಮು ತಾಮ್ರ, 32.7 ಗ್ರಾಮು ಸತುವು. ಹೀಗೆ ಹೇಳಿದರೆ ಮಕ್ಕಳಿಗೆ ಆಕಳಿಕೆ ಬರುವುದು ಸಹಜವೇ. ಪತ್ತಾರರ ತೂಕದಲ್ಲಿ ಹೇಳೋಣ. ತೊಲೆಗೆ ತೊಂಬತ್ತಾರು ಗುಂಜಿಯೆಂಬುದು ಹಳೆಯ ಲೆಕ್ಕವು, ತೊಲೆಯು 11.66 ಗ್ರಾಮಾದುದರಿಂದ ಗುಂಜಿಯೊಂದಕ್ಕೆ ಸುಮಾರು 121 ಮಿಲಿಗ್ರಾಮು. ನಮ್ಮ ಕೋಶದಿಂದ ಆಂಪಿಯರಿನ ಹತ್ತನೆಯ ಒಂದು ಪಾಲು ಪ್ರವಾಹವನ್ನು ಒಂದು ತಾಸು ಹರಿಯಿಸಿದರೆ 122 ಮಿಲಿಗ್ರಾಮು ಸತುವು ಕರಗುತ್ತದೆ, 118 ಮಿಲಿಗ್ರಾಮು ತಾಮ್ರವು ಕೂಡುತ್ತದೆ. ಎಂದರೆ ತಾಸಿಗೆ ಒಂದು ಗುಂಜಿ ಸತುವಿನ ಸಾಲ, ಗುಂಜಿಗೆ ತುಸು ಕಡಿಮೆ ತಾಮ್ರದ ಗಳಿಕೆ. ಸರಾಫ ಅಂಗಡಿಯ ತಕ್ಕಡಿಯಲ್ಲಿ ಮೊದಲೂ ಅನಂತರವೂ ತಗಡುಗಳನ್ನು ತೂಗಿಸಿ ನೋಡಬಹುದು. ಸತುವು ಪ್ರವಾಹಕ್ಕೆ ಹೊರತಾಗಿಯೂ ಅಷ್ಟಿಷ್ಟು ಕರಗುವುದುಂಟು. ಆದ ಕಾರಣ ತಾಮ್ರದ ಕಡೆಯ ತೂಕವನ್ನು ನಂಬುವುದೇ ಲೇಸು. ಒಡವೆಗಳಿಗೆ ಗಿಲೀಟು ಹಾಕುವವರು ಇದೇ ನಿಯಮದಿಂದ ಬಂಗಾರವನ್ನು ಲೆಕ್ಕಮಾಡಿ ಸವರುತ್ತಾರೆ. ಆ ಪತ್ತಾರರ ಮಗನೇ ತರಗತಿಯಲ್ಲಿ ಕುಳಿತು ಫ್ಯಾರಡೆಯ ನಿಯಮವನ್ನು ಅರ್ಥವಿಲ್ಲದ ಮಂತ್ರದಂತೆ ಉರುಹೊಡೆಯುತ್ತಿರಬಹುದು.

ಎರಡನೆಯ ಆಕ್ಷೇಪವು ಹೆಚ್ಚು ಅಪಾಯಕರವಾದದ್ದು. "ಇದೆಲ್ಲ ಕನ್ನಡದಲ್ಲಿ ಆಗದ ಕೆಲಸ, ಇಂಗ್ಲಿಷಿಗೆ ಹಾಕಿಬಿಡಿರಿ" ಎಂದು ವಿದ್ಯಾವಂತರೇ ಹೇಳುತ್ತಾರೆ. ಹೀಗೆನ್ನುವವರು ನಮ್ಮ ಪ್ರಾಂತದ ಚರಿತ್ರೆಯನ್ನು ಮರೆತಿದ್ದಾರೆ. 1948ರ ವರೆಗೆ ನಾವು ಹೈದರಾಬಾದು ಸಂಸ್ಥಾನದ ಪ್ರಜೆಗಳಾಗಿದ್ದೆವು. 1918ರಲ್ಲಿ ಅಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ವೈದ್ಯ, ರಸಾಯನ, ಭೌತಶಾಸ್ತ್ರಗಳನ್ನೆಲ್ಲ ಉರ್ದುವಿನಲ್ಲಿ ಕಲಿಸಿತು. ಅದಕ್ಕೆಂದೇ ಭಾಷಾಂತರದ ಇಲಾಖೆಯೊಂದನ್ನು ಏರ್ಪಡಿಸಿ ಶಬ್ದಗಳನ್ನು ಟಂಕಿಸಿದರು. ವಿದ್ಯುತ್ತಿನಿಂದ ವಸ್ತುವನ್ನು ಒಡೆಯುವುದಕ್ಕೆ ಉರ್ದುವಿನಲ್ಲಿ "ಬರ್ಖ್ ಪಾಶೀದಗೀ" ಎನ್ನುತ್ತಾರೆ. ಮಿಂಚಿನಿಂದ ಚೆದರುವಿಕೆ ಎಂಬಂಥ ಸೊಗಸಾದ ಮಾತು. ಕನ್ನಡ ಮನೆಗಳ ಮಕ್ಕಳಿಗೆ ತಮ್ಮದಲ್ಲದ ಭಾಷೆಯಲ್ಲಿ ಕಲಿಯಬೇಕಾಗಿ ಬಂದುದು ಅನ್ಯಾಯವೇ, ಅದನ್ನು ಮರೆಮಾಚಬೇಕಾದುದಿಲ್ಲ. ಆದರೂ ಈ ದೇಶದ ಒಂದು ನುಡಿಯು ಉಚ್ಚ ರಸಾಯನವನ್ನು ಹೊರಬಲ್ಲುದೆಂಬುದನ್ನು ಅವರು ಮಾಡಿ ತೋರಿಸಿದರು. ಉರ್ದುವಿಗೆ ಸಾಧ್ಯವಾದುದು ಕನ್ನಡಕ್ಕೆ ಅಸಾಧ್ಯವೆನ್ನುವುದಕ್ಕೆ ಆಧಾರವೇನು?

ಆದರೆ ಇಲ್ಲಿ ಕನ್ನಡದ ಪಕ್ಷದವರಿಗೂ ಒಂದು ಕಟುಮಾತನ್ನು ಹೇಳಬೇಕಾಗಿದೆ. ನಮ್ಮವರು ಟಂಕಿಸಿದ ಕೆಲವು ಶಬ್ದಗಳೇ ಮಕ್ಕಳ ಶತ್ರುಗಳಾಗಿವೆ. ಆನೋಡ್, ಕ್ಯಾಥೋಡ್ ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿರಿ. ಅವುಗಳಿಗೆ ಬಹುಕಾಲದಿಂದ ಧನಾಗ್ರ, ಋಣಾಗ್ರ ಎಂದು ಬರೆಯುತ್ತ ಬಂದಿದ್ದೇವೆ. ಮೂಲಪದಗಳಿಗೆ ಧನ ಋಣಗಳ ಸೋಂಕೇ ಇಲ್ಲ. ಫ್ಯಾರಡೆಯು 1834ರಲ್ಲಿ ಹ್ಯೂವೆಲ್ ಎಂಬ ವಿದ್ವಾಂಸನ ಸಲಹೆಯನ್ನು ಬೇಡಿ, ಗ್ರೀಕ್ ಭಾಷೆಯಿಂದ ಮೇಲುದಾರಿ, ಕೆಳದಾರಿ ಎಂಬ ಅರ್ಥದ ಎರಡು ಮಾತುಗಳನ್ನು ಬೇಕೆಂದೇ ಆಯ್ದುಕೊಂಡನು. ವಿದ್ಯುತ್ತು ಏನೆಂಬ ಕಲ್ಪನೆಯು ನಾಳೆ ಬದಲಾದರೂ ಹೆಸರು ಸುಳ್ಳಾಗಬಾರದೆಂಬುದು ಅವನ ಎಚ್ಚರಿಕೆ. ನಾವಾದರೋ ಆ ಎಚ್ಚರಿಕೆಯನ್ನು ಗಾಳಿಗೆ ತೂರಿದೆವು. ಪರಿಣಾಮವೇನು? ತಾಮ್ರದ ಶುದ್ಧೀಕರಣದಲ್ಲಿ ಆನೋಡನ್ನು ಬ್ಯಾಟರಿಯ ಧನಕ್ಕೆ ಜೋಡಿಸಿರುತ್ತಾರೆ; ಅಲ್ಲಿ ಧನಾಗ್ರವೆಂಬುದು ಸರಿ. ಡೇನಿಯಲ್ ಕೋಶದಲ್ಲಿ ಸತುವೇ ಆನೋಡು. ಆದರೆ ಅದು ಋಣ. ಧನಾಗ್ರವು ಋಣವಾಗಿದೆಯೆಂದು ಬರೆಯಬೇಕಾದ ಮಗುವಿನ ಗತಿಯೇನು? ಇನ್ವರ್ಟರಿನ ಬ್ಯಾಟರಿಯಲ್ಲಂತೂ, ದೀಪ ಉರಿಯುವಾಗ ಕ್ಯಾಥೋಡಾಗಿದ್ದ ಫಲಕವೇ ಕರೆಂಟು ಬಂದು ತುಂಬಿಕೊಳ್ಳುವಾಗ ಆನೋಡಾಗುತ್ತದೆ. ಮೇಲಿನ ಧನಚಿಹ್ನೆಯು ಮಾತ್ರ ಕದಲುವುದಿಲ್ಲ. ಇಲ್ಲಿ ಮಗುವು ತಪ್ಪು ಮಾಡಿದರೆ ಬರೆ ಬೀಳಬೇಕಾದುದು ಪಂಡಿತರ ಬೆನ್ನಿಗೆ.

ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲಿ, ಸಂಸ್ಕೃತ ಕನ್ನಡ ಪದಗಳನ್ನು ಹೇಗೆ ಬೆಸೆಯಬೇಕು, ಹೇಗೆ ಬೆಸೆಯಬಾರದು ಎಂಬ ವಿವೇಚನೆಯು ಬಂದಿದೆ. ಆ ನೆಲದಲ್ಲಿ ಕುಳಿತು ನಾವು ಕಿವಿಗೂ ಬುದ್ಧಿಗೂ ಒಗ್ಗದ ಪದಗಳನ್ನು ಮಕ್ಕಳ ತಲೆಗೆ ಕಟ್ಟುತ್ತಿದ್ದೇವೆ. ನನ್ನ ಸೂಚನೆಯು ಇಷ್ಟೆ: ಆನೋಡಿನಲ್ಲಿ ವಸ್ತುವು ಎಲೆಕ್ಟ್ರಾನುಗಳನ್ನು ಯಾವಾಗಲೂ ಕೊಡುತ್ತದೆ, ಕ್ಯಾಥೋಡಿನಲ್ಲಿ ಯಾವಾಗಲೂ ಕೊಳ್ಳುತ್ತದೆ, ಕೋಶವಾಗಲಿ, ವಿದ್ಯುದ್ವಿಭಜನೆಯಾಗಲಿ, ಇದಕ್ಕೆ ಅಪವಾದವಿಲ್ಲ. ಆದುದರಿಂದ ಅವನ್ನು ಕೊಡುವೆಡೆ, ಕೊಳ್ಳುವೆಡೆ ಎಂದು ಕರೆಯೋಣ. ಇವು ಹಳ್ಳಿಗಾಡಿನ ಮಾತುಗಳೆಂದು ಯಾರಿಗಾದರೂ ಮುಜುಗರವಾದರೆ ಆನೋಡು, ಕ್ಯಾಥೋಡು ಎಂದೇ ಬರೆಯಲಿ, ನನ್ನ ತಕರಾರಿಲ್ಲ. ಧನಾಗ್ರ ಋಣಾಗ್ರಗಳನ್ನು ಮಾತ್ರ ಈ ಪ್ರಕರಣದಿಂದ ಹೊರಗೆ ಹಾಕಲಿ.

"ಇಷ್ಟೆಲ್ಲ ತಿಳಿದು ಆಗಬೇಕಾದುದೇನು? ಎಲ್ಲರೂ ರಸಾಯನಜ್ಞರಾಗುತ್ತಾರೆಯೆ?" ಎಂಬ ಮಾತು ಇನ್ನೊಂದುಂಟು. ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟುವುದು ಎಲ್ಲರಿಗೂ ಗೊತ್ತು. ಕರೆಂಟು ಹೋದರೆ ಇನ್ವರ್ಟರೇ ಗತಿ. ಸ್ಥಳವಿಲ್ಲದ ಮನೆಗಳಲ್ಲಿ ಅದರ ಬ್ಯಾಟರಿಯು ಮೆಟ್ಟಿಲ ಕೆಳಗೆ, ಗಾಳಿಯಾಡದ ಮೂಲೆಯಲ್ಲಿ, ಕೆಲವೆಡೆ ದೇವರ ದೀಪದ ಪಕ್ಕದಲ್ಲಿಯೇ ಕೂತಿರುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದರೆ ಎರಡು ಪಾಲು ಹೈಡ್ರೋಜನ್ನೂ ಒಂದು ಪಾಲು ಆಕ್ಸಿಜನ್ನೂ ಬರುವುದೆಂದು ಹತ್ತನೆಯ ತರಗತಿಯ ಹುಡುಗನು ಪರೀಕ್ಷೆಯಲ್ಲಿ ಬರೆದು ಬರುತ್ತಾನೆ. ತುಂಬಿದ ಮೇಲೆಯೂ ತುಂಬಿಸುತ್ತಲೇ ಇದ್ದ ಬ್ಯಾಟರಿಯಲ್ಲಿ ನಡೆಯುವುದು ಅದೇ ಕ್ರಿಯೆಯೆಂದೂ, ನೂರು ಪಾಲು ಗಾಳಿಯಲ್ಲಿ ನಾಲ್ಕು ಪಾಲು ಹೈಡ್ರೋಜನ್ ಕೂಡಿದರೆ ಕಿಡಿ ಸಾಕೆಂದೂ ಅವನಿಗೆ ಯಾರೂ ಹೇಳಿಲ್ಲ. ಬ್ಯಾಟರಿಯ ನೀರು ಕಡಿಮೆಯಾದಾಗ ಬೋರಿನ ನೀರನ್ನೇ ಸುರಿಯುವ ಮನೆಗಳನ್ನು ಕಂಡಿದ್ದೇನೆ. ಶಹಾಬಾದಿನ ಸುಣ್ಣಕಲ್ಲಿನ ಸೀಮೆಯ ನೀರು ಅದು. ಅದರ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಸಾವಿರಾರು ರೂಪಾಯಿಯ ಬ್ಯಾಟರಿಯು ಹೋದ ಮೇಲೆ ಕಂಪೆನಿಯನ್ನು ಬಯ್ಯುತ್ತಾರೆ.

ಕೆಟ್ಟ ಬ್ಯಾಟರಿಯು ಎಲ್ಲಿಗೆ ಹೋಗುತ್ತದೆ? ಇದು ಹಣದ ವಿಷಯವಲ್ಲ, ಪ್ರಾಣದ ವಿಷಯವು. ಅದರ ಒಳಗೆ ಸೀಸವೂ ಗಂಧಕಾಮ್ಲವೂ ಇರುತ್ತವೆ. ನಮ್ಮ ಕಡೆಯಲ್ಲಿ ತೇಜಾಬು ಎನ್ನುತ್ತಾರೆ. ಮೋರಿಗೆ ತೇಜಾಬನ್ನು ಸುರಿದು, ಬಯಲಿನಲ್ಲಿ ಸೀಸವನ್ನು ಕರಗಿಸುವ ಕೆಲಸವು ದೇಶದ ಅನೇಕ ಊರುಗಳಲ್ಲಿ ನಡೆಯುತ್ತದೆ. ಅಂಥ ಕೆಲಸದಲ್ಲಿ ಹುಡುಗರೂ ಇರುತ್ತಾರೆ. ಸೀಸವು ಮಕ್ಕಳ ಮಿದುಳನ್ನು ಕುಗ್ಗಿಸುವ ವಿಷ. ಜಗತ್ತಿನ ಮೂರು ಮಕ್ಕಳಲ್ಲಿ ಒಂದರ, ಎಂದರೆ ಸುಮಾರು 80 ಕೋಟಿ ಮಕ್ಕಳ, ರಕ್ತದಲ್ಲಿ ಸೀಸವು ಮಿತಿಮೀರಿ ಇರಬಹುದೆಂದು ಯುನಿಸೆಫ್ ಸಂಸ್ಥೆಯು 2020ರ ವರದಿಯಲ್ಲಿ ಹೇಳಿತು. ಬ್ಯಾಟರಿಗಳನ್ನು ಅಕ್ರಮವಾಗಿ ಒಡೆದು ಕರಗಿಸುವುದು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಎಣಿಸಿತು. 2022ರಲ್ಲಿ ಭಾರತ ಸರ್ಕಾರವು ಬ್ಯಾಟರಿ ತ್ಯಾಜ್ಯದ ನಿಯಮಗಳನ್ನು ಮಾಡಿದೆ. ನಿಯಮವು ದಿಲ್ಲಿಯಲ್ಲಿದೆ, ಹಳೆಯ ಬ್ಯಾಟರಿಯು ಗುಜರಿ ಗಾಡಿಯಲ್ಲಿದೆ. ನಡುವೆ ನಿಂತು ಅದನ್ನು ತಡೆಯಬಲ್ಲವನು, ಅದರೊಳಗೆ ಏನಿದೆಯೆಂದು ಬಲ್ಲ ಹದಿನೈದು ವರ್ಷದ ಹುಡುಗನೊಬ್ಬನೇ. ಅವನಿಗೆ ನಾವು ಎರಡು ಅಂಕದ ಚಿತ್ರವನ್ನು ಕಲಿಸಿ ಕಳುಹಿಸಿದ್ದೇವೆ.

ಸಾಹಿತ್ಯದ ಪತ್ರಿಕೆಯಲ್ಲಿ ರಸಾಯನದ ಮಾತೇಕೆಂದು ಈ ಪತ್ರಿಕೆಯ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಪಂಪಭಾರತವನ್ನು ಸಂಪಾದಿಸಿದವರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ವೃತ್ತಿಯಿಂದ ಭೌತಶಾಸ್ತ್ರದ ಪ್ರಾಧ್ಯಾಪಕರು. ಅವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕೂಡಿ 1918ರ ಸುಮಾರಿಗೆ ಬೆಂಗಳೂರಿನಲ್ಲಿ "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಯಿಸಿದರು. ಪಂಪನನ್ನು ಓದಿದ ಕಣ್ಣಿಗೆ ಸತುವು ಮೈಲಿಗೆಯಾಗಲಿಲ್ಲ. ನಮ್ಮ ಸಂಘದಲ್ಲಿ ಛಂದಸ್ಸಿನ ಗೋಷ್ಠಿಗಳು ನಡೆಯುತ್ತವೆ, ಶಾಸನಗಳ ಚರ್ಚೆ ನಡೆಯುತ್ತದೆ. ನಾನೂ ಅವುಗಳಿಗೆ ಬರುವವನೇ. ವರ್ಷಕ್ಕೆ ಒಂದು ಭಾನುವಾರವನ್ನು ಕಲಾಯಿಗಾರನಿಗೂ ಪತ್ತಾರನಿಗೂ ಬಿದರಿಯ ಕುಶಲಿಗೂ ಬಿಟ್ಟುಕೊಟ್ಟು, ಪ್ರೌಢಶಾಲೆಯ ಮಕ್ಕಳನ್ನು ಅವರ ಮುಂದೆ ಕೂಡಿಸಿದರೆ ಛಂದಸ್ಸಿಗೆ ಲೋಪ ಬರುವುದಿಲ್ಲ. ಕುಡಿಕೆಗಳನ್ನೂ ಮೈಲುತುತ್ತವನ್ನೂ ನಾನು ತರುತ್ತೇನೆ.

ಇನ್ನು ಆ ಶಾಲೆಯ ಉಪಾಧ್ಯಾಯರಿಗೆ ಒಂದೇ ಬಿನ್ನಹ. ಬರುವ ಮಾಗಿಯ ಮೇಳದಲ್ಲಿಯೂ ನಿಂಬೆಹಣ್ಣನ್ನು ಇಡಿರಿ, ಬೇಡವೆನ್ನುವುದಿಲ್ಲ. ಹಲಗೆಯ ಮೇಲೆ "ಸತುವಿನಿಂದ ವಿದ್ಯುತ್ತು" ಎಂದು ಬರೆಯಿಸಿರಿ. ಪಕ್ಕದಲ್ಲಿ ತಾಮ್ರದ ತುಂಡೊಂದನ್ನು ಹೆಚ್ಚಿಗೆ ಇಟ್ಟು, ಬಂದವರೆಲ್ಲರೂ ಮೊಳೆಯನ್ನು ಕಿತ್ತು ಅದನ್ನು ಚುಚ್ಚಿ ನೋಡುವಂತೆ ಬಿಡಿರಿ. ದೀಪವು ಆರಿದಾಗ ಆ ಹುಡುಗಿಯು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಈ ಸಲ ಕೇಳಲಿ.